ಮೇಸ್ತ್ರಿ ಹೊತ್ತ ತಪ್ಪು

ಅವರ ಬಲಗೈಯ ತೋರುಬೆರಳಲ್ಲಿ ಆಳವಾದ ಒಂದು ಗೆರೆ ಇತ್ತು. ಬಾವಿಯ ಕಟ್ಟೆಯ ಮೇಲೆ ಹಗ್ಗ ಓಡಿ ಓಡಿ ಕಲ್ಲು ಸವೆಯುತ್ತದಲ್ಲ, ಹಾಗೆ ತಾಮ್ರದ ತಂತಿ ಮೂವತ್ತು ವರ್ಷ ಓಡಿ ಕೊರೆದ ಗೆರೆ. ಊಟ ಮಾಡುವಾಗ ಅದರಲ್ಲಿ ಅನ್ನದ ಅಗುಳು ಸಿಕ್ಕಿಕೊಳ್ಳುತ್ತಿತ್ತು. ತಾಳ್ಮೆಯಿಂದ ಅದನ್ನು ಬಿಡಿಸಿ ತಿನ್ನುತ್ತಿದ್ದರು.

ಸೇಲಂ ಕಡೆಯ ಮೇಚೇರಿಯ ಸಂತೆಗೆ ಹೋಗುವ ದಾರಿಯಲ್ಲಿ ಅವರ ಪಟ್ಟರೆ. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರನ್ನು ಬಿಚ್ಚಿ, ಹಳೆಯ ತಂತಿ ಕಿತ್ತು ಹೊಸ ತಂತಿ ಸುತ್ತಿಕೊಡುವ ಒಂದೇ ಕೋಣೆಯ ವರ್ಕ್‌ಶಾಪು ಅದು. ಊರಿಗೆಲ್ಲ ಅವರು ಮೇಸ್ತ್ರಿ. ನಾನು ಆಗ ಹನ್ನೆರಡನೇ ತರಗತಿಯಲ್ಲಿ ಎಲೆಕ್ಟ್ರಿಕಲ್ ಕಸುಬಿನ ಪಾಠ ತೆಗೆದುಕೊಂಡಿದ್ದೆ. ಆ ಪಾಠದ ಮಕ್ಕಳು ಕೆಲವು ವಾರ ಒಂದು ವರ್ಕ್‌ಶಾಪಿನಲ್ಲಿ ಕೈಯಾರೆ ಕೆಲಸ ಕಲಿತು, ಅಲ್ಲಿನವರ ಸಹಿ ತರಬೇಕಿತ್ತು. ಬೇರೆ ಅಂಗಡಿಯವರು ಮೊದಲ ದಿನವೇ ಪುಸ್ತಕದ ಎಲ್ಲ ಹಾಳೆಗೂ ಸಹಿ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ನನ್ನ ಗೆಳತಿಯರು ಆ ವಾರಗಳನ್ನೆಲ್ಲ ಟೀವಿ ನೋಡಿ ಕಳೆದರು. ನನಗೆ ಮೇಸ್ತ್ರಿ ಗಂಟುಬಿದ್ದರು.

ಮೊದಲ ದಿನ ನಾನು "ಸಾರ್" ಎಂದಾಗ ಅವರು ತಲೆ ಎತ್ತಲೇ ಇಲ್ಲ. "ಸಾರು ಗೀರು ಎಲ್ಲ ಇಸ್ಕೂಲಲ್ಲಿ. ಇಲ್ಲಿ ಮಾಮಾ ಅನ್ನು ಅಮ್ಮಣಿ. ಕೂತ್ಕ, ತಂತಿ ಕೀಳು," ಎಂದರು. ಕಿತ್ತೆ. ಮೂರು ದಿನ ಬರೀ ಸುಟ್ಟ ತಂತಿ ಕಿತ್ತೆ. ಉಗುರಿನ ಸಂದಿಯಲ್ಲೆಲ್ಲ ಮಸಿ. ನಾಲ್ಕನೇ ದಿನ, ಹೊಸ ತಂತಿ ಮೋಟಾರಿನ ಕಬ್ಬಿಣಕ್ಕೆ ತಾಗದಂತೆ ನಡುವೆ ಇಡುವ ಕಾಗದ ಕತ್ತರಿಸಲು ಕೊಟ್ಟರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಎಸೆಯುವರು. ನನಗೋ ಮೂಗಿನ ತುದಿಯಲ್ಲಿ ಕೋಪ. "ಪೊರುಮೆ ಬೇಕಮ್ಮಣಿ, ತಾಳ್ಮೆ. ಕರೆಂಟು ಜಾತಕ ಕೇಳಲ್ಲ, ಯಾರ್ ಮುಟ್ಟಿದ್ರೂ ಒಂದೇ," ಎನ್ನುತ್ತಿದ್ದರು.

ಅವರದೊಂದು ಪದ್ಧತಿಯಿತ್ತು. ಮೋಟಾರು ಸುತ್ತಿದವರು ಯಾರೋ ಅವರು ತಮ್ಮ ಹೆಸರನ್ನು ಒಂದು ಚೀಟಿಯಲ್ಲಿ ಬರೆದು, ತಂತಿ ಜೋಡಿಸುವ ಡಬ್ಬಿಯ ಮುಚ್ಚಳದೊಳಗೆ ಇಡಬೇಕು. ಮತ್ತೆ ಸುಟ್ಟು ಬಂದಾಗ ಯಾರ ಕೈಕೆಲಸ ಎಂದು ತಿಳಿಯಲಿ ಎಂದು. ಸುತ್ತಲಿನ ರೈತರಿಗೆಲ್ಲ ಈ ಚೀಟಿಯ ವಿಷಯ ಗೊತ್ತಿತ್ತು. ಪೂರ್ತಿ ನಾನೇ ಸುತ್ತಿದ ಮೊದಲ ಮೋಟಾರಿಗೆ ನನ್ನ ಹೆಸರನ್ನು ಎರಡೆರಡು ಸಲ ತಿದ್ದಿ ದಪ್ಪಗೆ ಬರೆದಿದ್ದೆ. ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದರೂ ನನಗೆ ಅಷ್ಟು ಜಂಬ ಬರುತ್ತಿರಲಿಲ್ಲ.

ಆ ಜಂಬ ಹೆಚ್ಚು ದಿನ ಉಳಿಯಲಿಲ್ಲ. ನನ್ನ ಅಪ್ಪನಿಗೆ ಈ ಕೆಲಸ ಸುತರಾಂ ಇಷ್ಟವಿರಲಿಲ್ಲ. "ಎಣ್ಣುಡ್ಗಿ ಮೋಟ್ರ್ ಸುತ್ತಕ್ ಓಗೋದಾ? ಒಂದ್ ದಿನ ಐದೂವರೆ ಬಸ್ ತಪ್ಪುಸ್ಕಂಡು ಬಾ, ಅವತ್ತಿಗೆ ಇಸ್ಕೂಲೂ ಮುಗೀತು," ಎಂದಿದ್ದ. ಅವನು ಬರೀ ಬಾಯಿಮಾತಿಗೆ ಹೇಳುವವನಲ್ಲ. ನನ್ನ ಅಕ್ಕನ ಓದನ್ನು ಹತ್ತಕ್ಕೇ ನಿಲ್ಲಿಸಿದ್ದ.

ಒಂದು ದಿನ ಮೇಸ್ತ್ರಿ ತಂತಿ ತರಲು ಓಮಲೂರಿಗೆ ಹೋಗಿದ್ದರು. ನಾನು ಸುತ್ತಿದ್ದ ಮೋಟಾರು ವಾರ್ನಿಷ್ ಒಣಗಿ ಸಿದ್ಧವಾಗಿತ್ತು. ಮುಚ್ಚುವ ಮೊದಲು ಒಂದು ಕೆಲಸ ಬಾಕಿ. ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ತಂತಿಗೂ ಇನ್ನೊಂದನ್ನು ಮೋಟಾರಿನ ಕಬ್ಬಿಣಕ್ಕೂ ಹಿಡಿಯಬೇಕು. ಬಲ್ಬು ಉರಿದರೆ ಒಳಗೆಲ್ಲೋ ತಂತಿ ತಾಗಿದೆ, ಮುಟ್ಟಿದವರಿಗೆ ಶಾಕು ಹೊಡೆಯುತ್ತದೆ ಎಂದರ್ಥ. ಅದನ್ನು ವಾರ್ನಿಷಿಗೆ ಮೊದಲೇ ಒಮ್ಮೆ ನೋಡಿದ್ದೆ. ಎರಡನೇ ಸಲ ಕಡ್ಡಾಯ ಎನ್ನುವುದು ಮೇಸ್ತ್ರಿಯ ಹಟ. ಗಂಟೆ ಐದೂ ಕಾಲು. ಮೂಲೆಯಲ್ಲಿದ್ದ ಲ್ಯಾಂಪಿನ ವೈರು ಗೋಜಲಾಗಿತ್ತು. ಚೀಟಿ ಇಟ್ಟೆ, ಮುಚ್ಚಳ ಬಿಗಿದೆ, ಓಡಿದೆ. ಬಸ್ಸಿನಲ್ಲಿ ಕೂತಾಗ ಅವರ ಫೋನು ಬಂತು.

"ಲ್ಯಾಂಪ್ ಇಟ್ ನೋಡ್ದಾ?"

"ನೋಡ್ದೆ ಮಾಮಾ."

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ನನಗೆ ಬುದ್ಧಿ ಇತ್ತು, ತಿಳಿದೂ ಸುಳ್ಳು ಹೇಳಿದೆ. ಆ ಮಾತನ್ನು ನಂಬಿ ಅವರು ಮರುದಿನ ಬೆಳಿಗ್ಗೆ ಮೋಟಾರನ್ನು ಕಳಿಸಿಕೊಟ್ಟರು.

ಅದು ನಾವೆಲ್ಲ ಹೂವಿನ ತೋಟದ ಅಕ್ಕ ಎನ್ನುತ್ತಿದ್ದವಳ ಮೋಟಾರು. ನಸುಕಿಗೇ ಎದ್ದು ಸಂಪಂಗಿ ಹೂ ಬಿಡಿಸಿ ಮಾರುವ ಹೆಂಗಸು. ಮಾರನೆಯ ದಿನ ನೀರು ಬಿಡಲು ಹೋಗಿ, ಒದ್ದೆ ಕೈಯಲ್ಲಿ ಮೋಟಾರು ಮುಟ್ಟಿ, ಕಿತ್ತೆಸೆದಂತೆ ಬಿದ್ದಳು. ಜೀವ ಉಳಿಯಿತು. ಬಲಗೈ ಸುಟ್ಟು ಬೆರಳುಗಳು ಮಡಚದಂತಾದವು.

ಅವಳ ಗಂಡ ಮೋಟಾರನ್ನು ಟೆಂಪೋದಲ್ಲಿ ಹೇರಿಕೊಂಡು ಬಂದ. "ಯಾರ್ ಸುತ್ತಿದ್ದು? ಆ ಇಸ್ಕೂಲ್ ಉಡ್ಗೀನಾ? ಚೀಟಿ ತೆಗಿರಿ ಮೇಸ್ತ್ರಿ!" ಎಂದು ಕೂಗಾಡಿದ. ನಾನು ವಾರ್ನಿಷ್ ಡಬ್ಬಿ ಹಿಡಿದು ಗೋಡೆಗೆ ಅಂಟಿ ನಿಂತಿದ್ದೆ. ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ಮುಚ್ಚಳ ಬಿಚ್ಚಿದರು. ನನ್ನ ಹೆಸರು ನನಗೇ ಕಂಡಿತು. ಅವರು ಅದನ್ನು ಅಂಗೈಯಲ್ಲಿ ಮುದುರಿಕೊಂಡು ಎದ್ದರು.

"ಚೀಟಿ ಇಲ್ಲ. ಅವಸರದಲ್ಲಿ ಇಡೋದ್ ಮರ್ತೆ. ಇದ್ ಸುತ್ತಿದ್ದು ನಾನೇ, ಲ್ಯಾಂಪ್ ಇಡ್ದಿರೋದೂ ನಾನೇ."

ಅವನು ಅವರ ಕೊರಳಪಟ್ಟಿ ಹಿಡಿದು ಬಾಯಿಗೆ ಬಂದಂತೆ ಬೈದ. ಆ ತೋಟದಲ್ಲಿ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ತಂತಿಯೇ ಇರಲಿಲ್ಲ, ಅದಿದ್ದಿದ್ದರೆ ಇಷ್ಟಾಗುತ್ತಿರಲಿಲ್ಲ. ಮೇಸ್ತ್ರಿ ಅದನ್ನೂ ಎತ್ತಲಿಲ್ಲ. ನಾನು ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಬಿಗಿಯುತ್ತ ನಿಂತೆ.

ಎಲ್ಲರೂ ಹೋದ ಮೇಲೆ ಕೇಳಿದರು: "ಯಾಕ್ ಸುಳ್ ಏಳ್ದೆ?"

"ಬಸ್ ಓಗ್ಬುಡ್ತದೆ ಅಂತ, ಮಾಮಾ."

ಅಂಗೈಯಲ್ಲಿ ಮುದುರಿದ್ದ ಚೀಟಿಯನ್ನು ಬಿಡಿಸಿ ನೋಡಿದರು. "ಒಂದ್ ಮಾತ್ ಏಳಿದ್ರೆ ನಾನೇ ಬಂದು ಬೈಕಲ್ಲಿ ಬುಡ್ತಿದ್ನಲ್ಲ. ನಿಮ್ಮಪ್ಪಂಗೂ ನಾನೇ ಏಳ್ತಿದ್ದೆ." ಆಮೇಲೆ, "ಈಗ ಇದು ಆಚೆ ಬಂದ್ರೆ ನಿನ್ ಓದು ಇಲ್ಗೇ ನಿಲ್ತದೆ. ಓದ್ ಮುಗ್ಸು. ಮುಗ್ದ್ ಮೇಲೆ ನೀನೇ ಓಗಿ ಆ ಅಕ್ಕಂಗೆ ಏಳು. ಅಲ್ಲೀಗಂಟ ನನ್ ಮೇಲೆ ಇರ್ಲಿ," ಎಂದರು. ಆ ಮೋಟಾರನ್ನು ನನ್ನ ಕೈಯಲ್ಲೇ ಮತ್ತೆ ಸುತ್ತಿಸಿ, ಲ್ಯಾಂಪು ಇಡಿಸಿ, ಆಮೇಲೆ ನನ್ನ ಪುಸ್ತಕಕ್ಕೆ ಸಹಿ ಹಾಕಿದರು.

ಅವರ ಮೇಲೆ ಅದು ಭಾರವಾಗಿಯೇ ಇತ್ತು. ಮರುವರ್ಷದಿಂದ ಶಾಲೆ ಅವರಲ್ಲಿಗೆ ಮಕ್ಕಳನ್ನು ಕಳಿಸಲಿಲ್ಲ. ಅರ್ಧ ಊರು ಮೋಟಾರನ್ನು ಮೆಟ್ಟೂರಿಗೆ ಒಯ್ಯತೊಡಗಿತು. ಕೆಲಸ ಕಡಿಮೆಯಾದದ್ದಕ್ಕಿಂತ ಮಕ್ಕಳು ಬರದಿದ್ದುದೇ ಅವರನ್ನು ಹೆಚ್ಚು ತಿಂದಿತು ಎಂದು ಅವರ ಹೆಂಡತಿ ನನಗೆ ಹೇಳಿದ್ದುಂಟು. ಅದನ್ನು ಕೇಳಿಯೂ ನಾನು ಅವರ ಮನೆಯಲ್ಲಿ ಕಾಫಿ ಕುಡಿದು ಬಂದೆ.

ಓದು ಮುಗಿಯಿತು. ಡಿಪ್ಲೊಮಾ ಮಾಡಿದೆ, ಸೇಲಂನ ಒಂದು ಪಂಪ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮೊದಲು ಕೆಲಸ ಪಕ್ಕಾ ಆಗಲಿ ಎಂದುಕೊಂಡೆ, ಆಮೇಲೆ ಮದುವೆ ಆಗಲಿ ಎಂದುಕೊಂಡೆ. ಊರಿಗೆ ಹೋದಾಗಲೆಲ್ಲ ಮೇಸ್ತ್ರಿಯನ್ನು ನೋಡುತ್ತಿದ್ದೆ. "ಚೆನ್ನಾಗಿದ್ದೀಯ ಅಮ್ಮಣಿ?" ಎನ್ನುತ್ತಿದ್ದರು. ಆ ವಿಷಯ ಒಮ್ಮೆಯೂ ಕೇಳಲಿಲ್ಲ. ಅವರು ಕೇಳಲಿ ಎಂದು ನಾನು ಕಾಯುತ್ತಿದ್ದೆನೋ, ಕೇಳದಿರಲಿ ಎಂದು ಬೇಡುತ್ತಿದ್ದೆನೋ, ಈಗಲೂ ತಿಳಿಯದು. ಒಟ್ಟಿನಲ್ಲಿ ನಾನು ಹೇಡಿ.

ಹೋದ ವರ್ಷ ಮೇಸ್ತ್ರಿ ತೀರಿಕೊಂಡರು. ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲ. ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ನಾನು ಹೂವಿನ ತೋಟಕ್ಕೆ ಹೋದೆ. ಅಕ್ಕ ಎಡಗೈಯಲ್ಲಿ ಹೂ ಬಿಡಿಸುತ್ತಿದ್ದಳು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಬೈಯಲಿ, ಹೊಡೆಯಲಿ, ಸೆಟೆದ ಆ ಬೆರಳುಗಳನ್ನು ನನ್ನ ಮುಖಕ್ಕೆ ಹಿಡಿಯಲಿ ಎಂದು ಕಾದೆ.

ಅವಳು ಹೂವಿನ ಬುಟ್ಟಿಯನ್ನು ಕೆಳಗಿಟ್ಟಳು. ಕೈಯ ಮಾತೇ ಎತ್ತಲಿಲ್ಲ.

"ಆ ಮನ್ಸ ವರ್ಸಾ ವರ್ಸಾ ಬಂದು ನನ್ ಮೋಟ್ರ್ ನೋಡ್ಬುಟ್ ಓಗೋರು. ಕಾಸ್ ಕೇಳ್ತಿರ್ಲಿಲ್ಲ. ಬಿಸ್ಲಲ್ಲಿ ಕೂತು ಕೆಲ್ಸ ಮಾಡೋರು. ಪಾಪಿ, ಮಾಡಿದ್ ಉಣ್ಲಿ ಅಂತ ಒಂದ್ ಲೋಟ ನೀರ್ ಕೊಡ್ಲಿಲ್ಲ ಕಣೆ ನಾನು. ನೀನ್ ಮೊನ್ನೆ ಬಂದ್ ಏಳಿದ್ರೂ ನಾನೇ ಓಗಿ ಕೊಡ್ತಿದ್ನಲ್ಲೇ."