ರವೆಯಂಥ ಕಾಳು, ಸುಣ್ಣದ ಡಬ್ಬಿ

ಬಾಣಂತನ ಮುಗಿಸಿ ದಾಂಡೇಲಿಗೆ ಮರಳಿದ ಮೇಲೆ ಒಂದು ದಿನ ಸ್ನಾನ ಮಾಡುವಾಗ, ಯೋನಿಯ ತುಟಿಗಳ ಒಳಬದಿಯಲ್ಲಿ ರವೆಯಷ್ಟು ಸಣ್ಣ ಕಾಳುಗಳು ಬೆರಳಿಗೆ ತಗುಲಿದವು. ಹೆಸರು ಹೇಳಿಯೇ ಬರೆಯುತ್ತಿದ್ದೇನೆ. 'ಅಲ್ಲಿ', 'ಕೆಳಗೆ' ಎಂದು ಮುಸುಕು ಹಾಕಿದ್ದರಿಂದಲೇ ಇಷ್ಟೆಲ್ಲ ಆದದ್ದು. ಕನ್ನಡಿ ಹಿಡಿದು ನೋಡಿದೆ. ಬೆಳ್ಳಗಿದ್ದವು. ನೋವಿಲ್ಲ, ತುರಿಕೆಯಿಲ್ಲ. ಆದರೂ ಇದೇನೋ ರೋಗವೇ ಇರಬೇಕು ಎನಿಸಿತು.

ಗಂಡನ ಅಣ್ಣನ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಅವರಿಗೆ ಹೇಳಿದೆ.

"ನರೂಲಿ ಅವು," ಅಂದರು. "ಕೈಮ್ಯಾಗ ಆದ್ರ ಸುಣ್ಣ ಹಚ್ಚಂಗಿಲ್ಲೇನು? ಹಂಗ ಹಚ್ಚು, ಸುಟ್ಟು ಉದರತಾವು. ಅತ್ತಿಯವರಿಗೆ ಗೊತ್ತಾದ್ರ ಎಲ್ಲಿಂದ ತಂದಿ ಈ ರೋಗ ಅಂತ ತವರಿಗೆ ಕಳಸ್ತಾರ."

ಅತ್ತೆಯ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟರು. ನಮ್ಮ ಕಡೆ ನರೂಲಿಗೆ, ಅಂದರೆ ನರಹುಲಿಗೆ, ಸುಣ್ಣವೇ ಮದ್ದು, ಅದರ ಮೇಲೆ ಮಾತಿಲ್ಲ.

ಬಚ್ಚಲ ಬಾಗಿಲು ಹಾಕಿ ಬೆರಳ ತುದಿಗೆ ಸುಣ್ಣ ತೆಗೆದುಕೊಂಡೆ. ಎಲೆಗೆ ಚೂರು ಹೆಚ್ಚಾದರೇ ಬಾಯಿ ಸುಡುತ್ತದೆ, ಇಲ್ಲಿ ಏನಾದೀತು? ಸಿಟ್ಟು ಬಂತು. ರೋಗವೋ ಅಲ್ಲವೋ ತಿಳಿಯದೆ ನನ್ನ ಮೈಯನ್ನು ನಾನೇ ಏಕೆ ಸುಟ್ಟುಕೊಳ್ಳಲಿ? ಕೈ ತೊಳೆದುಕೊಂಡೆ.

ಬೆಳಿಗ್ಗೆ ಹಳಿಯಾಳದ ಬಸ್ಸಿಗೆ ಹೊರಟೆ. ದಾಂಡೇಲಿಯ ಆಸ್ಪತ್ರೆಯಲ್ಲಾದರೆ ಗುರುತಿನವರು ಸಿಗುವುದು ತಪ್ಪಿದ್ದಲ್ಲ. ಸ್ಟ್ಯಾಂಡಿನ ಬಳಿ ಪಕ್ಕದ ಮನೆಯಾಕೆ "ಎಲ್ಲಿಗ್ರಿ?" ಎಂದಾಗ, ಮಗಳಿಗೆ ಅಂಗಿ ತರಲು ಎಂದೆ.

ಹಳಿಯಾಳದ ಡಾಕ್ಟರಮ್ಮ ದೀಪ ಹಿಡಿದು ನೋಡಿದರು. "ಇವು ಎಣ್ಣಿ ಗ್ರಂಥಿರಿ. ಬಾಯಿ ತುಟಿ ಒಳಗ ನೋಡ್ಕೊಳ್ರಿ, ಇಂಥವೇ ಸಿಗತಾವು. ಒಬ್ಬರ ಚರ್ಮ ನುಣ್ಣಗ, ಒಬ್ಬರದು ಸುಕ್ಕು, ಒಬ್ಬರದು ಕಾಳು ಕಾಳು. ರೋಗ ಅಲ್ಲ, ಔಷಧನೂ ಬ್ಯಾಡ," ಎಂದರು.

ಮನೆಗೆ ಬಂದವಳೇ ಡಬ್ಬಿಯನ್ನು ಅಕ್ಕನ ಮುಂದಿಟ್ಟು ಎಲ್ಲವನ್ನೂ ಹೇಳಿದೆ.

"ಹಂಗಾರ ನಂದೂ ರೋಗ ಇರಲಿಲ್ಲೇನು?" ಅಂದರು ಅಕ್ಕ. "ಮದುವಿ ಆದ ಹೊಸದಾಗ ನಾನೂ ಸುಣ್ಣ ಹಚ್ಕೊಂಡಿದ್ನಿ. ಮದ್ದು ಅಂದ್ರ ಹಂಗ ಸುಡಬೇಕು ಅಂತ ತಿಳ್ಕೊಂಡಿದ್ನಿ. ಗಾಯ ಆಗಿತ್ತು. ಅದು ಇನ್ನೂ ಉರೀತೈತಿ."

ನನಗೆ ಅಳು ಬಂತು. ಅದಕ್ಕಿಂತ ಹೆಚ್ಚು ಹಟ ಬಂತು. "ನಾಳೆ ನಡೀರಿ ಅಕ್ಕಾ, ಇಬ್ಬರೂ ಹೋಗೂಣು," ಅಂದೆ.

ಮರುದಿನ ಸ್ಟ್ಯಾಂಡಿನಲ್ಲಿ ಮತ್ತೆ ಅದೇ ಪಕ್ಕದ ಮನೆಯಾಕೆ, ಅದೇ ಪ್ರಶ್ನೆ. ಅಕ್ಕ ತಲೆ ತಗ್ಗಿಸಿದರು.

"ಹೆಂಗಸರ ಡಾಕ್ಟರ್ ಕಡೆ," ಎಂದೆ, ಗಟ್ಟಿಯಾಗಿ.

ಆಕೆ ಸುತ್ತ ನೋಡಿ, ಸೆರಗು ಎಳೆದುಕೊಂಡು ನಮ್ಮ ಹತ್ತಿರ ಬಂದಳು.

"ಡಾಕ್ಟರೂ ಹೆಣ್ಮಗಳೇನ್ರಿ?" ಎಂದು ಮೆಲ್ಲಗೆ ಕೇಳಿದಳು.