ಸರ್ಕಾರಿ ಶುಲ್ಕದ ವಿದ್ಯಾರ್ಥಿ

ನಮ್ಮ ಜೈಲಿನ ಹಿರಿಯ ವಾರ್ಡರ್ ಐವತ್ತೆರಡನೇ ವಯಸ್ಸಿನಲ್ಲಿ ಕ್ರಿಮಿನಲ್ ಜಸ್ಟಿಸ್ ಪದವಿಗೆ ಸೇರಿದ್ದಾರೆ. ವಿಶ್ವವಿದ್ಯಾಲಯ ಆನ್‌ಲೈನಿನಲ್ಲಿ ಪಾಠ ಮಾಡುತ್ತದೆ, ಶುಲ್ಕವನ್ನು ಸರ್ಕಾರ ಕಟ್ಟುತ್ತದೆ. ಈ ಎರಡನೆಯ ಸಂಗತಿಯೇ ಅವರ ನೆಮ್ಮದಿ ಕೆಡಿಸಿದೆ. ಡ್ಯೂಟಿ ಮುಗಿಸಿ ಮನೆಗೆ ಬಂದವರು ಸಮವಸ್ತ್ರದ ಗುಂಡಿಯನ್ನೂ ಬಿಚ್ಚದೆ, ಮೊದಲೇ ಚಿತ್ರೀಕರಿಸಿಟ್ಟ, ತಾವು ಯಾರಿಗೂ ಕಾಣದ ಪಾಠದ ಮುಂದೆ ಅಡುಗೆಮನೆಯ ಮೇಜಿನಲ್ಲಿ ನೆಟ್ಟಗೆ ಕೂರುತ್ತಾರೆ. ಮೇಷ್ಟ್ರು ಕೆಮ್ಮಿದ್ದನ್ನೂ ನೀರು ಕುಡಿದದ್ದನ್ನೂ ಬಿಡದೆ ನೋಡುತ್ತಾರೆ. "ಅಷ್ಟನ್ನ ಮುಂದಕ್ಕೆ ಓಡಿಸಪ್ಪಾ," ಎಂದು ಮಗಳು ಹೇಳಿದರೆ, "ಓಡಿಸೋಕೆ ಇದೇನು ನಮ್ಮಪ್ಪನ ಮನೆ ದುಡ್ಡಾ? ಜನರ ತೆರಿಗೆ ಕಣಮ್ಮ," ಎನ್ನುತ್ತಾರೆ. ಅರ್ಥವಾಗದ್ದನ್ನು ಚೀಟಿಯಲ್ಲಿ ಬರೆದು ತಂದು ಕೈದಿಗಳನ್ನೇ ಕೇಳುತ್ತಾರೆ. ಜಾಮೀನಿನ ಅಧ್ಯಾಯವನ್ನು ಬಿಡಿಸಿ ಹೇಳಿಕೊಟ್ಟವನು ಮೂರನೇ ಕೋಣೆಯ ಕಳ್ಳ. ಆದರೂ ಮೊದಲ ವರ್ಷ ಪಾಸಾದದ್ದು ಅಂತೂ ಇಂತೂ. "ಸರ್ಕಾರದ ಖರ್ಚಲ್ಲಿ ಓದಿ ಏನು ಕಡಿದು ಗುಡ್ಡೆ ಹಾಕಿದ್ರಿ ಅಣ್ಣಾ?" ಎಂದು ನಾವು ಕಿರಿಯ ವಾರ್ಡರ್‌ಗಳು ಕಾಲೆಳೆದರೆ ನಕ್ಕು, ಬೀಗದ ಕೈ ಗೊಂಚಲು ಎತ್ತಿಕೊಂಡು ಹೊರಡುತ್ತಾರೆ. ಆದರೆ ಇಪ್ಪತ್ತೈದು ವರ್ಷ ಧಡಾರನೆ ಕೋಣೆ ತೆರೆದು ಒಳನುಗ್ಗುತ್ತಿದ್ದವರು, ಈಗ ಬೀಗಕ್ಕೆ ಕೈ ಹಾಕುವ ಮೊದಲು ಬಾಗಿಲು ತಟ್ಟಿ, ಒಳಗಿನವನು "ಬನ್ನಿ" ಎನ್ನುವವರೆಗೆ ಹೊರಗೇ ನಿಂತಿರುತ್ತಾರೆ.