ಪಾಸ್ ಆತೇನ್ರಿ

ನಂಬಬ್ಯಾಡ್ರಿ. ಆಳಂದ ಕಡಿ ಯಾರಿಗಿ ಕೇಳಿದ್ರೂ ಇದನ್ನೇ ಹೇಳ್ತಾರ, ಈ ಮುದುಕನ ಮಾತಿನಾಗ ಹತ್ತಕ್ಕ ಒಂಬತ್ತು ಸುಳ್ಳು ಅಂತ. ಆದ್ರ ಇದನ್ನ ಪೂರಾ ಓದಿ, ಆಮ್ಯಾಲ ಎದಿ ಮ್ಯಾಲ ಕೈ ಇಟ್ಟು ಸುಳ್ಳು ಅಂತ ಹೇಳ್ರಿ ನೋಡೋಣ. ನಿಮ್ಮಿಂದ ಆಗಂಗಿಲ್ಲ.

ನಾ ಸರಸಂಬಾದಾಗ ಏಳನೇತ್ತಾ ತನಕ ಸಾಲಿ ಕಲ್ತಾಂವ. ಏಳನೇತ್ತಾ ಪಾಸ್ ಆಗಲಿಲ್ಲ. ಆದ್ರ ಪಾಸ್ ಅನ್ನೋ ಶಬ್ದ ನನಗ ಗೊತ್ತಿದ್ದಷ್ಟು ಪಾಸ್ ಆದವರಿಗೂ ಗೊತ್ತಿಲ್ಲ. ನಮ್ಮ ಕಡಿ ಸರಕಾರದ ಮನಿ ಸಿಕ್ರ ಮನಿ ಪಾಸ್ ಆತು ಅಂತಾರ. ಬಿಲ್ಲು ಪಾಸ್ ಆಗ್ತದ, ಬೋರ್ ಪಾಸ್ ಆಗ್ತದ, ಹೆಣ್ಣು ನೋಡಾಕ ಹೋದಲ್ಲಿ ವರಾನೂ ಪಾಸ್ ಆಗ್ತಾನ. ಬಸ್ಸಿನಾಗ ಶೇಂಗಾ ಮಾರಾಂವ "ಟೈಂಪಾಸ್, ಟೈಂಪಾಸ್" ಅಂತ ಒದರ್ಕೋತ ಬರ್ತಾನ. ಒಮ್ಮೆ ಜೇವರ್ಗಿಯಿಂದ ಅಂದೋಲಾಕ್ಕ ಮಗಳ ಮನಿಗಿ ಹೊಂಟಿದ್ದೆ, ಕಂಡಕ್ಟರ್ ಬಂದು "ಅಜ್ಜಾ, ಪಾಸ್?" ಅಂದ.

"ಏಳನೇತ್ತಾ ಫೇಲ್ರಿ."

"ಬಸ್ಸಿಂದು ಕೇಳಾಕತ್ತೇನಿ."

"ಬಸ್ಸೂ ಫೇಲೇ ಅದರಿ. ಹೋದ ವಾರ ನಾವೇ ಇಳದು ನೂಕೇವಿ."

ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ನಗಲಿಲ್ಲ, ಸುಮ್ಮ ಟಿಕೀಟು ಹರದ.

ಇಂಥ ಶಬ್ದ ಒಂದಿನ ನನ್ನನ್ನ ಹಿಡದು ಜಾಡಿಸ್ತು.

ಮಟಕಿಯಾಗ ನನ್ನ ದೋಸ್ತ ಒಬ್ಬ ಅದಾನ, ದರ್ಜಿ. ಅವ ಹೊಲಿದ ಅಂಗಿ ಬಿಟ್ಟು ಬ್ಯಾರೆ ಅಂಗಿ ನಾ ಮೈಗಿ ಹಾಕಿಲ್ಲ. ನಾ ಅವನಿಗಿ ಕೊಟ್ಟದ್ದು ಬರೀ ಚ್ಯಾಷ್ಟಿ. ಅವ ಚಾದ ಕಪ್ಪು ಬಾಯಿಗಿ ಹಚ್ಚೋ ಹೊತ್ತಿಗಿ "ಲೇ, ಹಲ್ಲಿ ಬಿದ್ದದ" ಅಂತಿದ್ದೆ. ಅವ ಹೌಹಾರಿ ಕಪ್ಪು ಕೆಳಗ ಇಡ್ತಿದ್ದ, ನಾ ಎತ್ತಿ ಕುಡೀತಿದ್ದೆ. ಎಷ್ಟು ಸಲ ಮಾಡೇನೋ ಲೆಕ್ಕಿಲ್ಲ.

ಹೋದ ಬ್ಯಾಸಗಿ ಅಫಜಲಪುರಕ್ಕ ಒಂದು ಮದುವಿಗಿ ಇಬ್ಬರೇ ಹೋಗಿದ್ವಿ. ಊಟ ಮುಗದು ಒಂದು ತಾಸಿನಾಗ ಇವ ಹೊಟ್ಟಿ ಹಿಡಕೊಂಡು ನೆಲಕ್ಕ ಕುಂತ. ಅಲ್ಲೇ ಒಂದು ದವಾಖಾನಿಗಿ ಒಯ್ದೆ. ಅವತ್ತೇ ಆಪರೇಷನ್ ಆತು. ಡಾಕ್ಟರ್ ಹೊರಗ ಬಂದು ನನಗೊಬ್ಬನಿಗೇ ಹೇಳಿದ್ರು. "ಕರುಳು ತೊಡಕಾಗಿತ್ತು, ಸರಿ ಮಾಡೇವಿ. ಆದ್ರ ಗ್ಯಾಸ್ ಪಾಸ್ ಆಗೋತನ ಬಾಯಾಗ ಒಂದು ಹನಿ ನೀರು ಹಾಕಬ್ಯಾಡ್ರಿ. ಹಾಕಿದ್ರ ಮತ್ತ ಕೊಯ್ಯೋದು ಬರ್ತದ. ಈ ವಯಸ್ಸಿನಾಗ ಎರಡನೇ ಸಲ ತಡಕೊಳ್ಳಾಂಗಿಲ್ಲ."

"ಗ್ಯಾಸ್ ಪಾಸ್ ಅಂದ್ರೇನ್ರಿ?"

"ಹಿಂದಿಂದ ಗಾಳಿ ಹೋಗಬೇಕು ಅಜ್ಜಾರ."

"ಹೂಸೇನ್ರಿ?"

ಅಷ್ಟು ಓದಿದ ಡಾಕ್ಟರ್ ನನ್ನ ಮುಂದ ತಲಿ ಬಗ್ಗಿಸಿ "ಹೂಂ" ಅಂದ್ರು.

ಮರುದಿನ ಮಟಕಿಯಿಂದ ಅವನ ಹೆಂಡತಿ ಬಂದ್ರು. ನಾ ಭಾಬಿ ಅಂತೇನಿ. "ಭಾಯಿ, ಡಾಕ್ಟರ್ ಏನಂದ್ರು?" ಅಂತ ಕೇಳಿದ್ರು. ಆ ಶಬ್ದ ಅವರ ಮುಂದ ನನ್ನ ಬಾಯಿಂದ ಹೊರಡಲಿಲ್ಲ. ಅವರ ತಲಿ ಮ್ಯಾಲಿನ ಸೆರಗು ಜಾರಿದ್ದು ಇವತ್ತಿನ ತನಕ ನಾ ನೋಡಿಲ್ಲ, ಅಂಥವರ ಮುಂದ ಹೂಸು ಅಂತ ಹ್ಯಾಂಗ ಅನ್ಲಿ? ಇಂಗ್ಲಿಷಿನ ಹಿಂದ ಅಡಗಿದೆ. "ಏನಿಲ್ಲ ಭಾಬಿ, ಪಾಸ್ ಆದ್ರ ಊಟ, ಫೇಲ್ ಆದ್ರ ಉಪಾಸ" ಅಂದೆ. ಇದೂ ನನ್ನ ಚ್ಯಾಷ್ಟಿ ಅಂತ ಅವರು ಬಿಟ್ಟುಬಿಟ್ರು.

ಮೂರನೇ ದಿನಾನೂ ಏನೂ ಇಲ್ಲ. ಅವನ ಹೊಟ್ಟಿ ಡೊಳ್ಳಿನಂಗ ಬಿಗದಿತ್ತು, ತುಟಿ ಬಿರದಿದ್ದವು. ನನಗ ಕುಂತಲ್ಲಿ ಕುಂದ್ರಾಕ ಆಗವಲ್ಲದು. ಬಾಗಿಲದಿಂದ ಕಿಡಕಿಗಿ, ಕಿಡಕಿಯಿಂದ ಬಾಗಿಲಿಗಿ. ಅರ್ಧ ಮೆಟ್ಟಲಾ ಇಳೀತಿದ್ದೆ, ಇಳದಾಗೇ ಆಗಿ ಹೋದ್ರ ಅಂತ ಮತ್ತ ಮ್ಯಾಲ ಓಡ್ತಿದ್ದೆ. ಪ್ರತಿ ಸುತ್ತಿಗಿ ಅವನ ಹಾಸಿಗಿ ಹತ್ರ ಬಗ್ಗಿ, "ಆತೇನು?"

"ನಿನ್ನ ಮಾರಿ ನೋಡಿದ್ರ ಹೊರಗ ಬರೋದೂ ಒಳಗ ಹೋಗ್ತದ. ದೂರ ಸರಿ ಲೇ."

ಮಧ್ಯಾಹ್ನ ಒಮ್ಮೆ ಕೆಳಗಿನ ತನಕ ಹೋಗಿ ಬಂದೆ. ಬಾಗಿಲದಾಗ ಇದ್ದೇನಿ, ಭಾಬಿ ಬಾಜೂ ಹಾಸಿಗಿಯ ಹೆಣ್ಮಗಳಿಗಿ ಹೇಳಾಕತ್ತಿದ್ರು. "ಈ ಸಿಸ್ಟರ್ ಭಾಳ ಛೊಲೊ ಹುಡುಗಿ. ಗ್ಯಾಸ್ ಪಾಸ್ ಆತೇನಮ್ಮ ಅಂತ ಕೇಳಿದ್ಳು, ಹೌ ಆಗ್ಯಾದ ಅಂದೆ. ಬರಕೊಂಡ್ಳು. ಸ್ವಲ್ಪ ಚಾ ಕೊಡ್ರಿ ಅಂದ್ಳು. ನಮಗ ಸರಕಾರದ ಸಿಲಿಂಡರ್ ಬಂದು ತಿಂಗಳಾತು, ಮಟಕಿ ಸುದ್ದಿ ಈಕಿಗಿ ಹ್ಯಾಂಗ ಗೊತ್ತಾತೊ."

ನೋಡ್ತೇನಿ, ಅವನ ಕೈಯಾಗ ಕಪ್ಪು. ತುಟಿಗಿ ಒಂದು ಬಟ್ಟು ದೂರ.

"ಕುಡಿಬ್ಯಾಡ" ಅಂದೆ.

ಅವ ಕಣ್ಣಷ್ಟೇ ಎತ್ತಿದ. "ಹಲ್ಲಿ ಬಿದ್ದದೇನು?"

"ಹಲ್ಲಿಯಲ್ಲೋ ಮಾರಾಯ. ಗ್ಯಾಸ್ ಪಾಸ್ ಆಗಿಲ್ಲ."

"ಆಗ್ಯಾದ ಭಾಯಿ," ಅಂದ್ರು ಭಾಬಿ, "ಒಲಿ ಸುದ್ದಾ ಬಂದಾದ."

"ಸಿಸ್ಟರೇ ಕೊಡ್ರಿ ಅಂದಾಳ ಲೇ," ಅಂತ ಅವ ನಕ್ಕೋತ ಕಪ್ಪು ಎತ್ತಿದ. ನಾ ಜಿಗದು ಕಸಗೊಂಡೆ. ಕಸಗೊಂಡು ನಿಂತಲ್ಲೇ ಒಂದೇ ಉಸುರಿಗಿ ಕುಡದು, ಕಪ್ಪು ಬೋರಲು ಹಾಕಿ ತೋರಿಸಿದೆ.

ಅವ ಬಯ್ಯಲಿಲ್ಲ. ಬೈದಿದ್ರ ಛೊಲೊ ಇತ್ತು. "ಮೂರು ದಿನ ಒಣಗಿದಾಂವನ ಕೈಯಾಗಿನ ಚಾ ಕಸಗೊಂಡಿ," ಅಂದ ಸಣ್ಣ ದನಿಲೆ. "ನಮ್ಮ ದೋಸ್ತಿ ಇಲ್ಲಿಗಿ ಖತಂ." ಗ್ವಾಡಿ ಕಡಿ ಮಾರಿ ತಿರುಗಿಸಿ ಮಲಗಿದ.

ಸಿಸ್ಟರಿಗಿ ಕರಕೊಂಡು ಬಂದೆ. ಮೈಸೂರು ಕಡಿ ಹುಡುಗಿ. "ಅಮ್ಮಾ, ಗ್ಯಾಸ್ ಪಾಸ್ ಆಗಿದೆ ಅಂದ್ರಲ್ಲ, ಯಾವಾಗ ಆಯ್ತು?" ಅಂದ್ಳು.

"ರಮಜಾನ್ ಆದ ಮ್ಯಾಲವ್ವಾ."

ಸಿಸ್ಟರಿನ ಕೈಯಾಗಿನ ಪೆನ್ನು ನಿಂತಿತು. "ಅದಲ್ಲಮ್ಮ, ಇವರಿಗೆ, ಇವರಿಗೆ ಪಾಸ್ ಆಯ್ತಾ?" ಆಕಿಗೂ ಬ್ಯಾರೆ ಶಬ್ದ ಬರವಲ್ಲದು, ಭಾಬಿಗಿ ಇದು ತಿಳಿವಲ್ಲದು. ಕಡೀಕ ನಾನೇ ಇಡೀ ವಾರ್ಡು ಕೇಳಂಗ ಹೇಳಿದೆ. "ಭಾಬಿ, ಅವ ಹೂಸು ಬಿಟ್ಟಾನೋ ಇಲ್ಲೋ, ಅದನ್ನ ಕೇಳಾಕತ್ತಾಳ. ಬಿಡದ ಚಾ ಕುಡದ್ರ ಮತ್ತ ಹೊಟ್ಟಿ ಕೊಯ್ಯಬೇಕಾಗ್ತದ."

ಭಾಬಿ ಸೆರಗು ಮಾರಿ ಮ್ಯಾಲ ಎಳಕೊಂಡ್ರು. ಸೆರಗಿನ ಒಳಗಿಂದ ಒಂದೇ ಮಾತು. "ನಿನ್ನೆ ನಾ ಕೇಳಿದಾಗ ಯಾಕ ಹೇಳಲಿಲ್ಲ ಭಾಯಿ?"

ನಾ ಖಾಲಿ ಕಪ್ಪು ಎತ್ತಿ ತೊಳಕೊಂಡು ಬಂದೆ.

ಬಾಗಿಲ ಹತ್ರ ನಿಂತೆ. ಹಾಸಿಗಿ ತನಕ ಹೋಗಾಕ ಧೈರ್ಯ ಬರಲಿಲ್ಲ. ಒಂದು ತಾಸು ಆತು, ಎರಡು ತಾಸು ಆತು. ಬಿಸಲು ಕಿಡಕಿ ಬಿಟ್ಟು ಗ್ವಾಡಿ ಏರಿತು. ಆವಾಗ ಹೊಸ ಥಾನಿನ ಬಟ್ಟಿ ಕೈಲೆ ಹರದಂಗ ಒಂದು ಸಪ್ಪಳ ಬಂತು, ಉದ್ದಕ.

ಅವ ಗ್ವಾಡಿ ಕಡೇನೇ ಮಾರಿ ಮಾಡಿ ಅಂದ, "ಲೇ. ಕೇಳಿಸ್ತೇನು?"

"ಏನು?"

"ಪಾಸ್."

"ಯಾವ ಕ್ಲಾಸು?"

"ನೀ ಏಳನೇತ್ತಾ ಫೇಲ್, ನಿನಗ್ಯಾಕ ಕ್ಲಾಸು. ಹೋಗಿ ಚಾ ತಾ. ಎರಡು ತಾ. ನಿನ್ನದು ನೀ ಕುಡಿ."

ಸಿಸ್ಟರ್ ಈ ಸಲ ಮೊದಲು ಎರಡು ಚಮಚ ನೀರು ಅಂದ್ಳು. ಭಾಬಿ ಕುಡಿಸಿದ್ರು, ನನ್ನ ಕಡಿ ನೋಡದೆ.

ಈಗ ಖರೆ ಹೇಳಿಬಿಡ್ತೇನಿ, ಇದರಾಗ ಒಂದು ಸುಳ್ಳದ. ಕಪ್ಪು ಕಸಗೊಂಡು ಒಂದೇ ಉಸುರಿಗಿ ಕುಡದೆ ಅಂದೆನಲ್ಲ, ಅದು. ನಾ ಕುಡಿಲಿಲ್ಲ. ಕೈ ಹಂಗ ನಡುಗಾಕತ್ತಿತ್ತು, ಚಾ ಎಲ್ಲಾ ಅವನ ಚಾದರದ ಮ್ಯಾಲ ಚೆಲ್ಲಿತು.